ಕಂಪನಿಯ ಹೆಸರು ಬದಲಾದರೆ ನಮ್ಮ ಷೇರಿನ ಗತಿಯೇನು?

ಪ್ರಶ್ನೆ: ಜೊಮ್ಯಾಟೊ ಈಗ ಎಟರ್ನಲ್ ಆಗಿದೆ. ನನ್ನ ಷೇರುಗಳಿಗೆ ತೊಂದರೆಯಿಲ್ಲವೇ? ನಮ್ಮನ್ನು ಕೇಳದೆ ಹೆಸರು ಬದಲಿಸಬಹುದೇ?

ಉತ್ತರ: ಗಾಬರಿ ಬೇಡ. ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಹೆಸರಷ್ಟೇ ಬದಲಾಗುತ್ತದೆ. ಷೇರುಗಳ ಸಂಖ್ಯೆ, ಹಕ್ಕು ಹಾಗೇ ಇರುತ್ತವೆ. ಇನ್ನು ಕೇಳುವ ಮಾತು. 2013ರ ಕಂಪನಿ ಕಾಯ್ದೆಯ ಪ್ರಕಾರ ಹೆಸರು ಬದಲಿಸಲು ಷೇರುದಾರರ ವಿಶೇಷ ನಿರ್ಣಯವೇ ಆಗಬೇಕು: ವಿರುದ್ಧ ಬಿದ್ದ ಮತಗಳ ಮೂರು ಪಟ್ಟಾದರೂ ಪರವಾಗಿ ಬೀಳಬೇಕು. ಜೊಮ್ಯಾಟೊ ಆಡಳಿತ ಮಂಡಳಿ 2025ರ ಫೆಬ್ರುವರಿಯಲ್ಲಿ ಒಪ್ಪಿತು, ಷೇರುದಾರರು ಮಾರ್ಚ್‌ನಲ್ಲಿ. ಬ್ಲಿಂಕಿಟ್, ಡಿಸ್ಟ್ರಿಕ್ಟ್, ಹೈಪರ್‌ಪ್ಯೂರ್ ಎಂಬ ಬೇರೆ ವ್ಯವಹಾರಗಳೂ ಸೇರಿದ ಕಂಪನಿಗೆ ಊಟ ತಲುಪಿಸುವ ಆ್ಯಪ್‌ನ ಹೆಸರು ಸಾಲದಾಗಿತ್ತು. ಆ್ಯಪ್ ಮಾತ್ರ ಜೊಮ್ಯಾಟೊ ಆಗಿಯೇ ಉಳಿದಿದೆ. ಇಂಥ ಮತದಾನದ ಇಮೇಲ್ ಬಂದಾಗ ದಯವಿಟ್ಟು ಅಳಿಸಬೇಡಿ. ಹತ್ತೇ ಷೇರಿದ್ದರೂ ನಿಮ್ಮ ಮತ ಲೆಕ್ಕಕ್ಕಿದೆ.