ರೇಷ್ಮೆಹುಳುವಿಗೆ ತಕ್ಕ ಸೊಪ್ಪು

ಸೊಪ್ಪು ತಿನ್ನುವ ಎಷ್ಟೋ ಹುಳುಗಳಿಗೆ ಪ್ರಕೃತಿಯು ಇಂಥದೇ ಗಿಡವೆಂದು ಗೊತ್ತುಮಾಡಿರುವುದುಂಟು. ಬೇಲಿಯ ಎಕ್ಕದೆಲೆಯನ್ನು ತಿಂದು ಚಿಟ್ಟೆಯಾಗುವ ಪಟ್ಟೆಹುಳುವು ಪಕ್ಕದ ರಾಗಿಯ ಪೈರನ್ನು ಮುಟ್ಟುವುದಿಲ್ಲ. ಇದರ ಬಂಧುವಾದ ಮೊನಾರ್ಕ್ ಚಿಟ್ಟೆಯ ಹುಳುವನ್ನು ಅಮೆರಿಕಾ ದೇಶದವರು ಎಕ್ಕದ ಜಾತಿಯ ಗಿಡಗಳ ಮೇಲೆ ಮನೆಗಳಲ್ಲಿ ವಿನೋದಕ್ಕಾಗಿ ಸಾಕುತ್ತಾರೆ. ರೇಷ್ಮೆಹುಳುವಾದರೋ ವಿನೋದದ ವಸ್ತುವಲ್ಲ; ಅದು ಸಂಸಾರವನ್ನೇ ಸಾಕುವ ಹುಳು. ಅದರ ಆಹಾರ ಹಿಪ್ಪುನೇರಳೆ ಸೊಪ್ಪು.

ಯಳಂದೂರು ತಾಲ್ಲೂಕಿನ ಅಗರ ಮತ್ತು ನೆರೆಯ ಕೊಳ್ಳೇಗಾಲ ಸೀಮೆಗೆ ಈ ಕಸುಬು ಹೊಸತಲ್ಲ. 1956ಕ್ಕೆ ಮೊದಲು ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೂ ಯಳಂದೂರು ಮೈಸೂರಿಗೂ ಸೇರಿದ್ದವು. ಆದಾಗ್ಯೂ ಎರಡು ಸೀಮೆಗಳ ಹುಳುವೂ ಒಂದೇ, ಸೊಪ್ಪೂ ಒಂದೇ ಆಗಿದ್ದಿತು.

ಹಿಪ್ಪುನೇರಳೆಯಲ್ಲಿ ಹಲವು ತಳಿಗಳುಂಟು. ಮೈಸೂರು ನಾಟಿಯು ಮಳೆಯಾಶ್ರಯದಲ್ಲಿಯೂ ಬದುಕುತ್ತದೆ; ಆದರೆ ಇಳುವರಿ ಅಲ್ಪ. ಎಂ-5 ಎಂಬ ಹೆಸರೂ ಉಳ್ಳ ಕಣ್ವ-2 ಅದಕ್ಕಿಂತ ಹೆಚ್ಚು ಸೊಪ್ಪನ್ನು ಕೊಡತಕ್ಕದ್ದು. ಮಳೆಯನ್ನೇ ನಂಬಿದ ಭೂಮಿಗೆ ಎಸ್-13 ಯೋಗ್ಯವಾದುದು. ಎಸ್-36ರ ಮೃದುವಾದ ಸೊಪ್ಪು ಎಳೆಯ ಹುಳುಗಳಿಗೆ ಒಗ್ಗುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಸಿದ್ಧವಾದ ವಿ-1 ತಳಿಯು ನೀರು ಗೊಬ್ಬರಗಳು ಸಮೃದ್ಧವಾಗಿದ್ದಲ್ಲಿ ಹೆಕ್ಟೇರಿಗೆ ವರ್ಷದಲ್ಲಿ ಸುಮಾರು 60 ಟನ್ ಸೊಪ್ಪನ್ನು ಕೊಡಬಲ್ಲುದು. ನೀರಿಲ್ಲದ ಹೊಲದಲ್ಲಿ ವಿ-1 ನೆಟ್ಟು ಫಲವನ್ನು ಕಾಯುವುದು ವ್ಯರ್ಥ.

ತಳಿಯಷ್ಟೇ ಸೊಪ್ಪಿನ ವಯಸ್ಸೂ ಮುಖ್ಯವಾದುದು. ಹುಳುವು ನಾಲ್ಕು ಸಾರಿ ಜ್ವರಕ್ಕೆ ಕುಳಿತು ಐದು ಹಂತಗಳಲ್ಲಿ ಬೆಳೆಯುತ್ತದೆ. ಮೊದಲೆರಡು ಹಂತಗಳಾದ ಚಾಕಿಯಲ್ಲಿ ಕುಡಿಯ ಸಮೀಪದ ರಸವತ್ತಾದ ಎಲೆಗಳನ್ನು ಸಣ್ಣಗೆ ಹೆಚ್ಚಿ ಕೊಡತಕ್ಕದ್ದು. ಈ ಕಾಲದಲ್ಲಿ ಬಲಿತ ಸೊಪ್ಪನ್ನು ಹಾಕಿದರೆ ಹುಳುಗಳು ಏರುಪೇರಾಗಿ ಬೆಳೆದು ಒಟ್ಟಿಗೆ ಜ್ವರಕ್ಕೆ ಕೂರುವುದಿಲ್ಲ. ಹುಳು ತನ್ನ ಒಟ್ಟು ಆಹಾರದಲ್ಲಿ 100ಕ್ಕೆ 80ಕ್ಕೂ ಮೇಲ್ಪಟ್ಟ ಭಾಗವನ್ನು ತಿನ್ನುವುದು ಐದನೆಯ ಹಂತದಲ್ಲಿ. ಆಗ ಬಲಿತ ಸೊಪ್ಪು ಬೇಕು. ಜ್ವರದಲ್ಲಿರುವಾಗ ಸೊಪ್ಪನ್ನು ಹಾಕದೆ, ಸುಣ್ಣದ ಪುಡಿಯನ್ನು ಉದುರಿಸಿ ಹಾಸಿಗೆಯನ್ನು ಒಣಗಿಸಬೇಕು. ಚಾಕಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖವೂ, ದೊಡ್ಡ ಹುಳುವಿಗೆ 23ರಿಂದ 25 ಡಿಗ್ರಿ ಶಾಖವೂ ಹಿತಕರ.

ಹುಳುಮನೆಯಲ್ಲಿ ಶುಚಿತ್ವವು ತಪ್ಪಿದರೆ ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ ರೋಗಗಳು ಬೆಳೆಯನ್ನು ಹಾಳುಮಾಡುವುವು. ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದೆಂಬುದು ಫ್ರಾನ್ಸ್ ದೇಶದ ಪಾಶ್ಚರ್ ಮಹಾಶಯನ ಕಾಲದಿಂದ ತಿಳಿದ ಸಂಗತಿ; ಆದಕಾರಣ ಪರೀಕ್ಷಿತವಾದ ಮೊಟ್ಟೆಗಳನ್ನೇ ತರಬೇಕು. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿನೊಣವನ್ನು ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆ ಕಟ್ಟಿ ತಡೆಯಬಹುದು.

ಇವೆಲ್ಲವೂ ಸಾಕುವವರ ಕೈಯಲ್ಲಿರುವ ಮಾತು. ಅವರ ಕೈಯಲ್ಲಿಲ್ಲದ ಮಾತೊಂದುಂಟು. ನೆರೆಯ ಹೊಲದವರು ಪೈರಿಗೆ ಸಿಂಪಡಿಸಿದ ಕೀಟನಾಶಕವು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಮೇಲೆ ಬಿದ್ದರೆ, ಆ ಸೊಪ್ಪನ್ನು ತಿಂದ ಹುಳುಗಳು ವಾಂತಿಮಾಡಿ ಸಾಯುತ್ತವೆ. ತಂಬಾಕಿನ ಗಿಡದ ಸಾಮೀಪ್ಯವೂ ಅಪಾಯಕರವೇ. ಇಂಥ ನಷ್ಟವು ಐದನೆಯ ಹಂತದಲ್ಲಿ ಸಂಭವಿಸಿದರಂತೂ ಮೊಟ್ಟೆಯ ಹಣ, ಸೊಪ್ಪು, ಹಗಲಿರುಳೆನ್ನದೆ ದುಡಿದ ಮನೆಯ ಹೆಂಗಸರ ಶ್ರಮ, ಇವೆಲ್ಲವೂ ಚಂದ್ರಿಕೆಗೆ ಏರುವ ಮುನ್ನವೇ ತಿಪ್ಪೆಯ ಪಾಲಾಗುತ್ತವೆ. ಸಾಲ ಮಾತ್ರ ಉಳಿಯುತ್ತದೆ.

ಇದನ್ನು ತಡೆಯುವ ಶಕ್ತಿ ಗ್ರಾಮದ ಮುಖಂಡರಿಗೂ ದೊಡ್ಡ ಜಮೀನುದಾರರಿಗೂ ಇದೆ. ಮದ್ದು ಹೊಡೆಯುವ ದಿನವನ್ನು ಮುಂಚೆಯೇ ಊರಿಗೆ ತಿಳಿಸುವುದು, ಹಿಪ್ಪುನೇರಳೆಯ ಕಡೆಗೆ ಗಾಳಿ ಬೀಸುವಾಗ ಸಿಂಪಡಿಸದಿರುವುದು, ಬೆಳೆಗಾರರೆಲ್ಲರೂ ಒಂದೇ ಕಾಲಕ್ಕೆ ಚಾಕಿ ಕಟ್ಟುವಂತೆ ಮಾತಾಡಿಕೊಳ್ಳುವುದು, ಇವುಗಳಿಗೆ ಹಣದ ವೆಚ್ಚವಿಲ್ಲ. ಒಬ್ಬರ ಹೊಲದ ಮದ್ದು ಮತ್ತೊಬ್ಬರ ಮನೆಯ ಅನ್ನವನ್ನು ಕೆಡಿಸದಂತೆ ನೋಡಿಕೊಳ್ಳುವುದು ಗ್ರಾಮಧರ್ಮವೇ ಆಗಿದೆ.