ಸದ್ಯ ಏನು ಮಾಡಾಕತ್ತೀಯಪಾ?

ಲೋಕದಲ್ಲಿ ಉತ್ತರ ಸಿಗದ ಪ್ರಶ್ನೆಗಳು ಹಲವು. ಜೀವ ಎಲ್ಲಿಂದ ಬಂತು, ದೇವರು ಎಲ್ಲಿದ್ದಾನೆ ಎಂಬಂಥವಕ್ಕೆ ಬಲ್ಲವರು ತಲತಲಾಂತರದಿಂದ ಉತ್ತರ ಹುಡುಕುತ್ತಲೇ ಬಂದಿದ್ದಾರೆ. ಸಿಗಲಿಲ್ಲವೆಂದು ಅವರನ್ನು ಯಾರೂ ಹಂಗಿಸಿಲ್ಲ. ಆದರೆ ಪದವಿ ಪರೀಕ್ಷೆ ಮುಗಿಸಿ ಹಾಸಿಗೆ ಸುತ್ತಿಕೊಂಡು ಊರಿಗೆ ಮರಳಿದ ತರುಣನಿಗೆ ನಮ್ಮ ಕಡೆಯ ಬಂಧುಗಳು ಕೇಳುವ ಒಂದು ಪ್ರಶ್ನೆಯಿದೆ. ಅದರ ಮುಂದೆ ಮೇಲಿನವೆಲ್ಲ ಬಾಲಬೋಧೆಯ ಪಾಠಗಳು. "ಮತ್ತ, ಸದ್ಯ ಏನು ಮಾಡಾಕತ್ತೀಯಪಾ?"

ಈ ಪ್ರಶ್ನೆಗೆ ಸ್ಥಳಕಾಲಗಳ ನಿಯಮವಿಲ್ಲ. ಮದುವೆಯ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಅದು ಬೀಳುತ್ತದೆ. ಜಾತ್ರೆಯಲ್ಲಿ ತೇರು ಎಳೆಯುವಾಗ ಪಕ್ಕದ ಹಗ್ಗ ಹಿಡಿದವರು ಏದುಸಿರಿನಲ್ಲಿಯೂ ಕೇಳುತ್ತಾರೆ. ಶಿವಗಣಾರಾಧನೆಯ ಮನೆಯಲ್ಲಿ, ಶೋಕತಪ್ತರಾದವರನ್ನು ಸಂತೈಸಲು ಹೋದಾಗ, ಆ ಶೋಕತಪ್ತರೇ ಕಣ್ಣೊರೆಸಿಕೊಂಡು ಕೇಳಿದ್ದುಂಟು. ನಾವು ಪದವಿ ಪಡೆದದ್ದು 1992ರಲ್ಲಿ. ಇಲ್ಲಿ 'ನಾವು' ಎನ್ನುತ್ತಿರುವುದು ದೊಡ್ಡಸ್ತಿಕೆಗಲ್ಲ. ಆ ವರ್ಷ ನಮ್ಮ ಓಣಿಯೊಂದರಲ್ಲೇ ಪದವಿ ಪಡೆದು ಕಟ್ಟೆಯ ಮೇಲೆ ಕುಳಿತವರು ಏಳು ಜನರಿದ್ದೆವು. ಕೇಳುವವರು ಒಬ್ಬೊಬ್ಬರನ್ನೇ ಕೇಳಿದರೂ ಮುಖ ಬಾಡುತ್ತಿದ್ದುದು ಏಳು ಜನರದು.

ನಮ್ಮ ಪರವಾಗಿ ಉತ್ತರ ಕೊಡುವ ಹೊಣೆಯನ್ನು ತಾಯಂದಿರು ಹೊತ್ತರು. "ಪರೀಕ್ಷಾ ಕಟ್ಯಾನರಿ" ಎಂಬುದು ಅವರ ರಕ್ಷಾಕವಚ. ಯಾವ ಪರೀಕ್ಷೆ, ಎಂದು ನಡೆಯುತ್ತದೆ ಎಂಬುದನ್ನು ಅವರೂ ಹೇಳುತ್ತಿರಲಿಲ್ಲ, ನಾವೂ ತಿಳಿಸುತ್ತಿರಲಿಲ್ಲ. ಎರಡನೆಯ ವರ್ಷ "ಕಟ್ಯಾನರಿ" ಎಂಬುದು "ಮತ್ತೊಮ್ಮೆ ಕಟ್ಯಾನರಿ" ಎಂದಾಯಿತು. ಮೂರನೆಯ ವರ್ಷ ತಾಯಂದಿರು ಮದುವೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದರು.

ಓದಿಗಾಗಿ ನಮ್ಮ ಹಿರಿಯರು ಪಟ್ಟ ಪಾಡು ಸಾಮಾನ್ಯವಾದುದಲ್ಲ. 1883ರಲ್ಲಿಯೇ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಧಾರವಾಡದಲ್ಲಿ ಸಮಾಜದ ಮಕ್ಕಳ ವಿದ್ಯೆಗಾಗಿ ನಿಧಿ ಕೂಡಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಸಪ್ತರ್ಷಿಗಳೆಂದು ನಾವು ಇಂದಿಗೂ ನೆನೆಯುವ ಏಳು ಮಂದಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಮಠಮಠಗಳಲ್ಲಿ ಪ್ರಸಾದ ನಿಲಯಗಳು ಎದ್ದವು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನವಿಟ್ಟು ಅಕ್ಷರ ಕಲಿಸಿದ್ದನ್ನು ಕಾಣದವರಾರು? ಹಳ್ಳಿಯ ಹುಡುಗ ಓದಲು ಹೊರಟರೆ ಅವನಿಗೆ ಇರಲು ಕೋಣೆ, ಉಣ್ಣಲು ಪ್ರಸಾದ, ಬೆಳಗಿನ ಜಾವ ಎಬ್ಬಿಸಲು ಗಂಟೆ, ಎಲ್ಲವೂ ಸಿದ್ಧವಾಗಿತ್ತು. ಆದರೆ ಓದು ಮುಗಿದ ಮೇಲೆ ಇರಬೇಕಾದ ನಿಲಯವೊಂದನ್ನು ಕಟ್ಟಿಸಲು ಯಾವ ಪುಣ್ಯಾತ್ಮರಿಗೂ ತೋಚಲಿಲ್ಲ. ನಿಲಯದ ಗಂಟೆಯನ್ನು ಮೂರು ವರ್ಷ ಶಪಿಸಿದ ನಮಗೆ, ಮನೆಗೆ ಬಂದ ಮರುದಿನ ಐದು ಗಂಟೆಗೆ ತಾನಾಗಿಯೇ ಎಚ್ಚರವಾಯಿತು. ಎದ್ದು ಏನು ಮಾಡಬೇಕೆಂಬುದು ಮಾತ್ರ ತಿಳಿಯಲಿಲ್ಲ.

ಕೆಲಸವಿಲ್ಲದವನಿಗೆ ಕೆಲಸವಿಲ್ಲವೆಂದು ತಿಳಿದವರು ಕೆಲಸ ಹುಡುಕಿ ನೋಡಿಲ್ಲ. ಮೊದಲನೆಯ ಕೆಲಸವೆಂದರೆ ದೃಢೀಕರಣ. ಅಂಕಪಟ್ಟಿಯ ನಕಲು ತೆಗೆಸಿ, ಅದು ಮೂಲದಂತೆಯೇ ಇದೆಯೆಂದು ಗೆಜೆಟೆಡ್ ಅಧಿಕಾರಿಯಿಂದ ಹಸಿರು ಶಾಯಿಯ ಸಹಿ ಹಾಕಿಸಬೇಕು. ನಮ್ಮ ಸುತ್ತಲಿನ ಹತ್ತು ಹಳ್ಳಿಗಳಿಗೆ ಕೈಗೆ ಸಿಗುವ ಗೆಜೆಟೆಡ್ ಅಧಿಕಾರಿಗಳೆಂದರೆ ಪಶುವೈದ್ಯರು. ಹೀಗಾಗಿ ದವಾಖಾನೆಯ ಅಂಗಳದಲ್ಲಿ ಪದವೀಧರರೂ ಎಮ್ಮೆಗಳೂ ಒಂದೇ ಸಾಲಿನಲ್ಲಿ ನಿಲ್ಲುವ ಪ್ರಸಂಗ ಒದಗುತ್ತಿತ್ತು. ವೈದ್ಯರು ಧರ್ಮಿಷ್ಠರು, ಮೊದಲು ಎಮ್ಮೆಯನ್ನು ನೋಡುತ್ತಿದ್ದರು. ಎಮ್ಮೆಗೆ ನೋವಿದೆ, ನಿಮಗೇನು ಎಂಬುದು ಅವರ ನ್ಯಾಯ. ಅದರಲ್ಲಿ ತಪ್ಪು ಹುಡುಕಲು ನಮಗೂ ಆಗಲಿಲ್ಲ. ಸರದಿ ಬಂದಾಗ ಕೈ ತೊಳೆದುಕೊಂಡು, ನಮ್ಮನ್ನು ಮೂರು ವರ್ಷಗಳಿಂದ ಬಲ್ಲೆನೆಂದೂ ನಮ್ಮ ನಡತೆ ಉತ್ತಮವಾಗಿದೆಯೆಂದೂ ಬರೆದು, ಕೊನೆಗೆ "ನಿನ್ನ ಹೆಸರೇನಪಾ?" ಎಂದು ಕೇಳುತ್ತಿದ್ದರು. 2013–14ರ ಹೊತ್ತಿಗೆ ಕೇಂದ್ರ ಸರ್ಕಾರವು ಸ್ವಯಂ ದೃಢೀಕರಣವೇ ಸಾಕೆಂದು ಇಲಾಖೆಗಳಿಗೆ ಹೇಳಿತು. ಈಗ ನಾವು ನಾವೇ ಎಂದು ನಾವೇ ಸಹಿ ಹಾಕಬಹುದು. ಎಮ್ಮೆಗಳಿಗೂ ಅನುಕೂಲವಾಗಿರಬೇಕು.

ಎರಡನೆಯದು ಉದ್ಯೋಗ ವಿನಿಮಯ ಕಚೇರಿ. 1959ರ ಕಾಯ್ದೆಯೊಂದು ಖಾಲಿ ಹುದ್ದೆಗಳನ್ನು ಈ ಕಚೇರಿಗೆ ತಿಳಿಸಬೇಕೆಂದು ವಿಧಿಸಿತ್ತು. ಆದರೆ ಕಚೇರಿಯವರು ಕಳುಹಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಮಾತ್ರ ವಿಧಿಸಿರಲಿಲ್ಲ. ನಾವು ನಸುಕಿನ ಬಸ್ಸಿಗೆ ಹೋಗಿ ಹೆಸರು ಹಚ್ಚಿ, ಒಂದು ಚೀಟಿ ಪಡೆದು ಬಂದೆವು. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಮರೆತರೆ ಜ್ಯೇಷ್ಠತೆ ಹೋಗುತ್ತದೆ. ನಿರುದ್ಯೋಗದಲ್ಲಿಯೂ ಜ್ಯೇಷ್ಠತೆಯಿದೆ ಎಂಬುದು ತಿಳಿದಾಗ ನಮಗೆ ಒಂದು ಬಗೆಯ ಗೌರವ ಬಂದಂತಾಯಿತು. ಓಣಿಯ ಏಳು ಜನರಲ್ಲಿ ಒಬ್ಬನಿಗೆ ಹದಿನೇಳು ವರ್ಷಗಳ ನಂತರ ಸಂದರ್ಶನದ ಕರೆ ಬಂತು. ಅಷ್ಟರಲ್ಲಿ ಅವನು ಪೇಟೆಯಲ್ಲಿ ಎರಡು ಅಂಗಡಿ ಇಟ್ಟು, ಐದು ಜನರಿಗೆ ಕೆಲಸ ಕೊಟ್ಟಿದ್ದ. ಆದರೂ ಸಂದರ್ಶನಕ್ಕೆ ಹೋಗಿ ಬಂದ. ಹದಿನೇಳು ವರ್ಷ ಕಾದದ್ದು ವ್ಯರ್ಥವಾಗಬಾರದಲ್ಲ!

ಸಂದರ್ಶನಗಳೆಂದರೆ ಪ್ರಯಾಣ, ಪ್ರಯಾಣವೆಂದರೆ ಚಿಲ್ಲರೆ. ಯಾವ ಬಸ್ಸೆಂದು ಹೇಳುವುದಿಲ್ಲ. ನಿರ್ವಾಹಕರು ನಮ್ಮ ಹತ್ತು ರೂಪಾಯಿಯ ನೋಟು ಪಡೆದು, ಕೊಡಬೇಕಾದ ಒಂದೂವರೆ ರೂಪಾಯಿಯನ್ನು ಟಿಕೇಟಿನ ಬೆನ್ನಿಗೆ ಬರೆದುಕೊಡುತ್ತಿದ್ದರು. ಅಲ್ಲಿಂದ ನಮ್ಮ ತಪಸ್ಸು ಪ್ರಾರಂಭ. ಕಿಟಕಿಯಾಚೆಯ ಹೊಲಗಳು ಕಾಣುತ್ತಿರಲಿಲ್ಲ. ನಿರ್ವಾಹಕರ ಚರ್ಮದ ಚೀಲವೊಂದೇ ಕಾಣುತ್ತಿತ್ತು. ಹತ್ತಿರ ಬಂದಾಗ ಟಿಕೇಟನ್ನು ಬೆನ್ನು ಮೇಲಾಗಿ ಹಿಡಿಯುವುದು, ಕೆಮ್ಮುವುದು, ಮುಗುಳ್ನಗುವುದು. ಇಳಿಯುವ ನೂಕುನುಗ್ಗಲಿನಲ್ಲಿ ಎಲ್ಲವೂ ಮರೆತು, ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಜ್ಞಾನೋದಯ. ಈಗಿನವರು ಒಂದೂವರೆ ರೂಪಾಯಿಗೆ ಇಷ್ಟು ಸಂಕಟವೇ ಎಂದು ನಗಬಹುದು. ಆ ಹಣವನ್ನು ಅಪ್ಪ ಎಲ್ಲಿಂದ ತಂದು ಕೊಟ್ಟಿದ್ದರೆಂಬುದು ನಮಗೆ ಗೊತ್ತಿತ್ತು, ಆದ್ದರಿಂದ ಸಂಕಟ.

ಬೆಂಗಳೂರಿನಲ್ಲಿ ಒಂದು ಕಚೇರಿಯ ಸಂದರ್ಶನಕ್ಕಾಗಿ ಗೆಳೆಯನ ಕೋಣೆಯಲ್ಲಿ ಇಳಿದೆವು. ಆರು ಜನರಿಗೆ ಒಂದು ನಲ್ಲಿ. ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚಿದರೆ ಹೊರಗಿನಿಂದ ಬಾಗಿಲು ಬಡಿತ: "ನೀರು ನಿಂತ್ಹೊಗ್ತದೆ, ಬೇಗ!" ಶಿವಯೋಗಕ್ಕೆ ಏಕಾಗ್ರತೆ ಬೇಕೆಂದು ಹೇಳಿದವರು ಆ ಕೋಣೆಯಲ್ಲಿ ಒಂದು ದಿನ ಇದ್ದು ನೋಡಬೇಕಿತ್ತು. ಹೊರಡುವಾಗ ಗೆಳೆಯ, "ಹಣೆ ಒರಸ್ಕೊಂಡು ಹೋಗೋ, ಸಾಹೇಬ್ರು ಹಳ್ಳಿಯಂವ ಅಂತಾರ" ಎಂದ. ನಾವು ಒರಸಿಕೊಳ್ಳಲಿಲ್ಲ. ಸಾಹೇಬರು ಹಣೆಯನ್ನು ನೋಡಲೇ ಇಲ್ಲ, ಅಂಕಪಟ್ಟಿಯನ್ನೂ ನೋಡಲಿಲ್ಲ. ನಮ್ಮ ಊರಿನ ಕಡೆ ಒಳ್ಳೆಯ ಶೇಂಗಾ ಚಟ್ನಿಪುಡಿ ಎಲ್ಲಿ ದೊರೆಯುತ್ತದೆ ಎಂದು ವಿಚಾರಿಸಿ, ತಿಳಿಸುತ್ತೇವೆ ಎಂದರು. ಇದುವರೆಗೆ ತಿಳಿಸಿಲ್ಲ. ತಂತಿಯ ಮೂಲಕ ತಿಳಿಸುವ ವಿಚಾರವಿದ್ದಿದ್ದರೆ ಅದೂ ಕೈಬಿಟ್ಟಂತೆಯೇ, ಏಕೆಂದರೆ 2013ರ ಜುಲೈ ತಿಂಗಳಿನಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಆ ದಿನ ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಉಂಡೆವು. ಆ ಪ್ರಯಾಣದಲ್ಲಿ ದಕ್ಕಿದ್ದು ಅಷ್ಟೇ, ಅದು ಕಡಿಮೆಯದೇನಲ್ಲ.

ಇಂದಿನ ತರುಣರ ತಾಪತ್ರಯಗಳು ಬೇರೆ. ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬುವಾಗ ಕೊನೆಯ ಪುಟದಲ್ಲಿ ಎಲ್ಲವೂ ಅಳಿಸಿಹೋಗುತ್ತದೆ. ಮೊಬೈಲಿಗೆ ಬರಬೇಕಾದ ಆರು ಅಂಕಿಗಳ ಗುಪ್ತಸಂಖ್ಯೆ ಅವಧಿ ಮೀರಿದ ಮೇಲೆ ಬರುತ್ತದೆ. ಭಾವಚಿತ್ರ ದೊಡ್ಡದಾಯಿತೆಂದು ಯಂತ್ರ ತಳ್ಳಿಬಿಡುತ್ತದೆ. ಪಶುವೈದ್ಯರಾದರೂ ಕೊನೆಗೆ ಹೆಸರು ಕೇಳುತ್ತಿದ್ದರು. ಇರಲಿ, ಮುಖ್ಯವಾದ ಮಾತಿಗೆ ಬರೋಣ.

ಕೆಲಸ ಸಿಗದಿರುವುದಕ್ಕಿಂತ ದೊಡ್ಡ ಕಿರುಕುಳವೆಂದರೆ ಸಿಕ್ಕ ಕೆಲಸ ಕೆಲಸವೆಂದು ಎಣಿಕೆಯಾಗದಿರುವುದು. ನಮ್ಮಲ್ಲಿ ಪ್ರತಿ ಬಸವ ಜಯಂತಿಯಂದು ಕಾಯಕದ ಮೇಲೆ ಭಾಷಣಗಳಾಗುತ್ತವೆ. ಯಾವ ಕಾಯಕವೂ ಮೇಲಲ್ಲ, ಕೀಳಲ್ಲ ಎಂಬ ಮಾತಿಗೆ ಸಭೆ ಚಪ್ಪಾಳೆ ತಟ್ಟುತ್ತದೆ. ಅದೇ ಸಭೆಯಿಂದ ಮನೆಗೆ ಬಂದವರ ಕೈಗೆ ವರನ ಪರಿಚಯ ಪತ್ರವೊಂದು ಬಂದರೆ ಕಣ್ಣು ಮೊದಲು ಹೋಗುವುದು 'ಉದ್ಯೋಗ' ಎಂಬ ಸಾಲಿಗೆ. ಒಳಪಂಗಡದ ಸಾಲು ಎರಡನೆಯದು. ಕೆಲವರಿಗೆ ಅದೇ ಮೊದಲನೆಯದು.

ಹನ್ನೆರಡನೆಯ ಶತಮಾನದ ಶರಣರು ಇಂದು ಕನ್ಯೆ ನೋಡಲು ಹೊರಟರೆ ಏನಾದೀತೆಂದು ನಾವು ಒಮ್ಮೊಮ್ಮೆ ಯೋಚಿಸುತ್ತೇವೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವವರು. "ಸ್ವಂತ ಅಂಗಡಿ ಐತೇನ್ರಿ?" ಎಂಬುದು ಕನ್ಯೆಯ ಕಡೆಯವರ ಮೊದಲ ಪ್ರಶ್ನೆ. ಅಂಬಿಗರ ಚೌಡಯ್ಯನವರು ದೋಣಿ ನಡೆಸುವವರು. ಸೇತುವೆಯಾದ ಮೇಲೆ ಮುಂದೇನು? ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವರು. ಒಂದು ದಿನ ಹೆಚ್ಚು ತಂದರೆ ಅವರ ಪತ್ನಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದವರು. ಹೆಚ್ಚಿನ ವರಮಾನವನ್ನು ಹಿಂದಕ್ಕೆ ಕೊಡಿಸುವ ಮನೆತನಕ್ಕೆ ಯಾರು ಮಗಳನ್ನು ಕೊಟ್ಟಾರು? ಇನ್ನು ಮೋಳಿಗೆಯ ಮಾರಯ್ಯನವರದು ಅತ್ಯಂತ ಕಷ್ಟದ ಪ್ರಕರಣ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಮಾರಿದರೆಂದು ಪರಂಪರೆ ಹೇಳುತ್ತದೆ. ಹಿಂದಿನ ಹುದ್ದೆ ಅರಸು, ಈಗಿನದು ಸೌದೆಯ ಹೊರೆ. "ಪರ್ಮನೆಂಟ್ ನೌಕರಿ ಯಾಕ ಬಿಟ್ರಿ? ಅಲ್ಲಿ ಏನರ ಲಫಡಾ ಆಗಿತ್ತೇನು?" ಹೀಗೆ ನೋಡುತ್ತ ಹೋದರೆ ಕನ್ಯಾಪಿತೃಗಳಿಗೆ ಒಪ್ಪಿಗೆಯಾಗುವವರು ಬಸವಣ್ಣನವರೊಬ್ಬರೇ, ಬಿಜ್ಜಳನಲ್ಲಿ ಭಂಡಾರಿಗಳು, ಸರ್ಕಾರಿ ಹುದ್ದೆ. ಅವರೂ ಕೊನೆಗೆ ಅದನ್ನು ಬಿಟ್ಟು ಕೂಡಲಸಂಗಮಕ್ಕೆ ಹೊರಟುಬಿಟ್ಟರು!

ನಗೆ ಒತ್ತಟ್ಟಿಗಿರಲಿ. 2023ರ ಫೆಬ್ರುವರಿ ತಿಂಗಳಿನಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ತರುಣರು, ಹೆಚ್ಚಿನವರು ಒಕ್ಕಲುತನದವರು, ತಮಗೆ ಕನ್ಯೆ ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳು ಅದನ್ನು ವಿನೋದದ ಸುದ್ದಿಯಂತೆ ಅಚ್ಚು ಹಾಕಿದವು. ನಮಗೆ ನಗು ಬರಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲಿಯೇ ಅಂಥವನೊಬ್ಬನಿದ್ದ.

ನಮ್ಮ ತಮ್ಮ ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಎತ್ತಿನ ಬೆನ್ನು ಹತ್ತಿದ. ಅವನಿಗೆ ಬುದ್ಧಿ ಇರಲಿಲ್ಲವೆಂದಲ್ಲ. ಇಬ್ಬರನ್ನು ಓದಿಸುವಷ್ಟು ಹೊಲ ಇರಲಿಲ್ಲ. ನಮ್ಮ ಕಾಲೇಜಿನ ಶುಲ್ಕವನ್ನು ಕಟ್ಟಿದ್ದು ಅವನು ಬೆಳೆದ ಶೇಂಗಾ, ಹತ್ತಿ. ಕಟ್ಟೆಯ ಮೇಲೆ ನಾವು ಕುಳಿತ ಮೂರು ವರ್ಷಗಳಲ್ಲಿ ನಮಗೆ "ಸದ್ಯ ಏನು ಮಾಡಾಕತ್ತೀ" ಎಂದು ಒಮ್ಮೆಯೂ ಕೇಳದಿದ್ದವನು ಅವನೊಬ್ಬನೇ. 1995ರಲ್ಲಿ ನಮಗೆ ಹೈಸ್ಕೂಲಿನಲ್ಲಿ ಮಾಸ್ತರಿಕೆ ದೊರೆತ ತಿಂಗಳಿನಲ್ಲಿಯೇ ಹನ್ನೊಂದು ಕಡೆಯಿಂದ ಕನ್ಯೆಯ ಪ್ರಸ್ತಾಪ ಬಂದವು. ನಮಗೆ ಅನ್ನ ಹಾಕಿದವನಿಗೆ ಕನ್ಯೆ ಸಿಗಲು ಮುಂದೆ ಹಲವು ವರ್ಷ ಹಿಡಿಯಿತು. ಬಂದು ನೋಡಿದವರು ಹೊಲ ನೋಡಿದರು, ಮನೆ ನೋಡಿದರು, ಎತ್ತು ನೋಡಿದರು. "ವಿಚಾರ ಮಾಡಿ ತಿಳಸ್ತೀವ್ರಿ" ಎಂದು ಚಹಾ ಕುಡಿದು ಎದ್ದರು. ಅವರ ಬೆನ್ನ ಹಿಂದೆ ಅವನು ಕಪ್ಪುಗಳನ್ನು ಎತ್ತಿ ಒಳಗಿಡುತ್ತಿದ್ದ.

ಆ ತಮ್ಮನ ಮಗ ಈಗ ಬಿ.ಇ. ಪದವೀಧರ. ಬೆಂಗಳೂರಿನ ಕಂಪನಿಯೊಂದರಲ್ಲಿ ಎರಡು ವರ್ಷ ದುಡಿದು, ರಾತ್ರಿ ಹಗಲೆನ್ನದ ಆ ದುಡಿತ ಬೇಡವೆಂದು ಊರಿಗೆ ಬಂದು, ಕುಸುಬಿ ಮತ್ತು ಶೇಂಗಾ ಎಣ್ಣೆಯ ಗಾಣ ಹಾಕಿದ್ದಾನೆ. ಕಾಳನ್ನು ಸುತ್ತಲಿನ ರೈತರಿಂದ ಕೊಳ್ಳುತ್ತಾನೆ, ಹಿಂಡಿಯನ್ನು ಅವರ ದನಗಳಿಗೇ ಮಾರುತ್ತಾನೆ, ಇಬ್ಬರಿಗೆ ಸಂಬಳ ಕೊಡುತ್ತಾನೆ. ಬಂಧುಗಳು ಎಣ್ಣೆ ಒಯ್ಯಲು ಬರುತ್ತಾರೆ, ಘಮಘಮಿಸುತ್ತದೆಂದು ಹೊಗಳುತ್ತಾರೆ, ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೇಳುತ್ತಾರೆ, "ಅದಿರ್ಲಿ, ಸದ್ಯ ಏನು ಮಾಡಾಕತ್ತೀಯಪಾ?" ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು, "ಗಾಣಾ ಹಾಕೂದು ನಿಮ್ಮ ಮನಿತನದ ಕೆಲಸೇನ್ರಿ ಮಾಸ್ತರ?" ಎಂದೂ ವಿಚಾರಿಸಿದರು. ಅವರು ಕಳೆದ ಬಸವ ಜಯಂತಿಯ ಸಭೆಯ ಅಧ್ಯಕ್ಷರು.

ಈಗ ಹುಡುಗನಿಗೆ ಕನ್ಯೆ ನೋಡಬೇಕಾಗಿದೆ. ವಧೂವರರ ಸಮಾವೇಶಕ್ಕೆ ಕಳುಹಿಸುವ ಪರಿಚಯ ಪತ್ರವನ್ನು ತುಂಬುವ ಹೊಣೆಯನ್ನು, ಮನೆಯಲ್ಲಿ ಹೆಚ್ಚು ಓದಿದವರೆಂದು, ನಮ್ಮ ಕೊರಳಿಗೆ ಕಟ್ಟಿದ್ದಾರೆ. ಹೆಸರು, ಎತ್ತರ, ಹುಟ್ಟಿದ ದಿನಾಂಕ ಎಲ್ಲವೂ ಆಯಿತು. ಉದ್ಯೋಗದ ಸಾಲಿಗೆ ಬಂದು ಲೇಖನಿ ನಿಂತಿದೆ. "ಬಿ.ಇ., ಸ್ವಂತ ಉದ್ದಿಮೆ ಅಂತ ಬರೀರಿ ಭಾವಾರ" ಎನ್ನುತ್ತಾಳೆ ತಮ್ಮನ ಹೆಂಡತಿ. "ಬೆಂಗಳೂರಾಗ ಇದ್ದಾ ಅಂತ ಮೊದಲ ಬರಿ, ಉಳಿದದ್ದು ಆಮ್ಯಾಲ ನೋಡೂಣು" ಎಂಬುದು ಈಗಲೂ ರಕ್ಷಾಕವಚ ತೊಡಿಸಲು ಸಿದ್ಧರಿರುವ ತೊಂಬತ್ತರ ಹತ್ತಿರದ ಅವ್ವನ ಸಲಹೆ. "ದೊಡ್ಡಪ್ಪಾ, ಎಣ್ಣಿ ಗಾಣ ಅಂತ ಬರೀರಿ, ಅಷ್ಟ ಸಾಕು" ಎನ್ನುತ್ತಾನೆ ಹುಡುಗ. ತಮ್ಮ ಏನನ್ನೂ ಹೇಳದೆ ಶೇಂಗಾ ಚೀಲವನ್ನು ಹೆಗಲಿಗೇರಿಸಿ ಗಾಣದ ಕಡೆಗೆ ಹೊರಟ.

ಪತ್ರ ಮುಟ್ಟಿಸಲು ಬರುವ ಸೋಮವಾರವೇ ಕೊನೆಯ ದಿನ. ಈ ವಾರದ ಎಣ್ಣೆಯಂತೂ ಗುರುವಾರಕ್ಕೇ ತೀರಿದೆ. ಬೇಕಾದವರು ಮುಂದಿನ ವಾರಕ್ಕೆ ಈಗಲೇ ಹೇಳಿಕಳುಹಿಸಬೇಕು.