ಜಠರ ಕಿರಿದಾದ ಮೇಲೆ ಮದ್ಯದ ಅಪಾಯ

ರಾಯಚೂರು ಎಂದೊಡನೆ ನಾಡಿನ ಓದುಗರಿಗೆ ನೆನಪಾಗುವುದು ಬರ, ಗುಳೆ ಮತ್ತು ಅಪೌಷ್ಟಿಕತೆ. ಇಂಥ ಜಿಲ್ಲೆಯಲ್ಲಿ ಕುಳಿತು ಬೊಜ್ಜು ಕರಗಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಬರೆಯುವುದು ಕೆಲವರಿಗೆ ಅಸಂಗತವೆನಿಸೀತು. ಆದರೆ ಹಸಿವು ಮತ್ತು ಬೊಜ್ಜು ಇಂದು ಒಂದೇ ಊರಿನ ಎರಡು ಓಣಿಗಳಲ್ಲಿವೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಮಾನ್ವಿಗೂ, ನಾರಾಯಣಪುರ ಬಲದಂಡೆ ನಾಲೆಯ ನೀರು ದೇವದುರ್ಗಕ್ಕೂ ಹರಿದ ಮೇಲೆ ಜೋಳದ ರೊಟ್ಟಿಯ ಪಕ್ಕದಲ್ಲಿ ಅನ್ನದ ರಾಶಿ ಬೆಳೆಯಿತು. ಕಾಲ್ನಡಿಗೆಯ ಜಾಗಕ್ಕೆ ಮೋಟಾರ್ ಸೈಕಲ್ ಬಂತು. ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು. ಅನುಕೂಲವುಳ್ಳವರು ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಜಠರ ಕಿರಿದಾಗಿಸಿಕೊಂಡು ಬರುತ್ತಾರೆ.

ಈ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಯುತ್ತದೆ, ಅನೇಕರಲ್ಲಿ ಮಧುಮೇಹ ಹತೋಟಿಗೆ ಬರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಬಲ್ಲ ಕುಟುಂಬಗಳಲ್ಲಿ ಆಹಾರದ ಪಥ್ಯ ಕುರಿತು ನಡೆಯುವಷ್ಟು ಮಾತು ಮದ್ಯದ ಕುರಿತು ನಡೆಯುವುದಿಲ್ಲ. ಹಿರಿಯರ ಮುಂದೆ ಕುಡಿತದ ಪ್ರಸ್ತಾಪವೇ ಮುಜುಗರ.

ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಮದ್ಯವು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲದೆ ನೇರವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಬೇಗ ಏರುತ್ತದೆ, ಹೆಚ್ಚು ಏರುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಇಂಥವರಿಗೆ ಎರಡು ಪೆಗ್‌ನ ಪರಿಣಾಮ ಸುಮಾರು ನಾಲ್ಕು ಪೆಗ್‌ಗೆ ಸಮನಾಗಿ ಕಂಡಿತು. ಅಲ್ಲಿನದೇ ಇನ್ನೊಂದು ದೀರ್ಘ ಅಧ್ಯಯನದ 2017ರ ವರದಿಯಂತೆ, ಬೈಪಾಸ್ ಆದ ಐದು ವರ್ಷಗಳೊಳಗೆ ಐವರಲ್ಲಿ ಒಬ್ಬರಿಗೆ ಮದ್ಯವ್ಯಸನದ ಲಕ್ಷಣಗಳು ಹೊಸದಾಗಿ ಕಾಣಿಸಿಕೊಂಡಿದ್ದವು. ಮೊದಲ ವರ್ಷ ಸುಸೂತ್ರವಾಗಿ ಕಳೆಯಿತೆಂದು ನಿಶ್ಚಿಂತರಾಗುವಂತಿಲ್ಲ. ಅಪಾಯ ತಡವಾಗಿ ಬರುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯ ಪಿಡುಗು ಈ ಜಿಲ್ಲೆಗೆ ಹೊಸದಲ್ಲ. ನಿದ್ರೆ ತರಿಸುವ ಆ ರಾಸಾಯನಿಕ ಮದ್ಯದೊಂದಿಗೆ ಸೇರಿದರೆ ಗಟ್ಟಿ ದೇಹಕ್ಕೂ ಅಪಾಯ. ಕಿರಿದಾದ ಜಠರದವರ ಗತಿಯೇನು?

ಅತಿ ಘೋರವಾದದ್ದು ಥಯಾಮಿನ್, ಅಂದರೆ ಬಿ-1 ಜೀವಸತ್ವದ ಕೊರತೆ. ಶಸ್ತ್ರಚಿಕಿತ್ಸೆಯ ನಂತರ ಪದೇ ಪದೇ ವಾಂತಿಯಾಗಿ, ಜೊತೆಗೆ ಕುಡಿತವೂ ಸೇರಿದರೆ ಮೆದುಳಿಗೆ ಪೆಟ್ಟು ಬೀಳುತ್ತದೆ. ನಡಿಗೆ ತೂರಾಡುತ್ತದೆ, ಕಣ್ಣು ಸರಿಯಾಗಿ ಹೊರಳುವುದಿಲ್ಲ, ಮಾತು ಗೊಂದಲಗೊಳ್ಳುತ್ತದೆ. ನೋಡಿದವರು 'ಕುಡಿದು ಬಿದ್ದಿದ್ದಾನೆ' ಎಂದು ಮುಖ ತಿರುಗಿಸುತ್ತಾರೆ. ಆದರೆ ಅದು ತುರ್ತಾಗಿ ಥಯಾಮಿನ್ ಚುಚ್ಚುಮದ್ದು ಬೇಕಾದ ಸ್ಥಿತಿ. ಅದನ್ನು ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಸ್ಥಿತಿ ಇನ್ನಷ್ಟು ಹದಗೆಡಬಹುದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಬೆಂಗಳೂರಿನಲ್ಲಿರುತ್ತಾರೆ, ಸುಮಾರು 400 ಕಿ.ಮೀ. ದೂರ. ರೋಗಿಯನ್ನು ಮೊದಲು ಕಾಣುವವರು ದೇವದುರ್ಗದ ಅಥವಾ ಮಾನ್ವಿಯ ತಾಲ್ಲೂಕು ಆಸ್ಪತ್ರೆಯ ವೈದ್ಯರು. ಈ ವಿಷಯ ಅವರ ಕಿವಿಗೆ ಬೀಳಬೇಕಾದದ್ದು ಅಗತ್ಯ.

ಆಗಬೇಕಾದದ್ದು ದುಬಾರಿಯೇನಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನವೇ ಕುಡಿತದ ಬಗ್ಗೆ ನೇರವಾಗಿ, ನಿಂದಿಸದೆ ಕೇಳಬೇಕು. ಕನಿಷ್ಠ ಮೊದಲ ಆರು ತಿಂಗಳಿಂದ ಒಂದು ವರ್ಷ ಮದ್ಯ ಮುಟ್ಟಬಾರದು, ವ್ಯಸನದ ಹಿನ್ನೆಲೆಯುಳ್ಳವರು ಎಂದೂ ಮುಟ್ಟಬಾರದು ಎಂಬುದನ್ನು ಬಿಡುಗಡೆ ಚೀಟಿಯಲ್ಲಿ ಕನ್ನಡದಲ್ಲಿ ಬರೆಯಬೇಕು. ರಾಯಚೂರಿನ ರಿಮ್ಸ್‌ನಂಥ ಬೋಧಕ ಆಸ್ಪತ್ರೆ ಇಂಥವರ ವರ್ಷವರ್ಷದ ತಪಾಸಣೆಗೆ ನೆಲೆಯಾಗಬಹುದು. ಆಪ್ತಸಲಹೆಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ.

2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಣ್ಣುಮಕ್ಕಳು ಕಾಲ್ನಡಿಗೆಯಲ್ಲಿ ಹೋದಾಗ ನಮ್ಮ ಜಿಲ್ಲೆಯವರೂ ಅದರಲ್ಲಿದ್ದರು. ಕುಡಿತ ಬಡವರ ಗುಡಿಸಲಿನ ಸಂಕಟವೆಂದು ಮಧ್ಯಮ ವರ್ಗದ ನಾವು ಆಗ ದೂರ ನಿಂತು ನೋಡಿದೆವು. ಹಣ ತೆತ್ತು ಆರೋಗ್ಯವನ್ನು ಕೊಂಡು ತಂದ ಮನೆಗಳಲ್ಲೂ ಅದೇ ಸಂಕಟ ಸದ್ದಿಲ್ಲದೆ ಕೂರಬಲ್ಲದು. ಅದನ್ನು ಹೆಸರಿಟ್ಟು ಕರೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.